ಫ್ಯೂಷನ್ ಕಲಾವಿದರಿಗೆ ಶಾಲು ಹೊದಿಸಿದ್ದು ಸಾಕು, ವಿಮರ್ಶೆ ಕೊಡಿ

ಶಿವಮೊಗ್ಗದ ದಸರಾ ವೇದಿಕೆಯಾಗಲಿ, ಬಡಾವಣೆಯ ಗಣಪತಿ ಪೆಂಡಾಲಾಗಲಿ, ಕಲ್ಯಾಣ ಮಂಟಪದ ಆರತಕ್ಷತೆಯಾಗಲಿ, ಸಂಜೆಯ ಕಾರ್ಯಕ್ರಮಗಳಲ್ಲಿ ಈಗ ಫ್ಯೂಷನ್‌ಗೆ, ಅಂದರೆ ಶಾಸ್ತ್ರೀಯ ಸಂಗೀತವನ್ನು ಬೇರೆ ಸಂಗೀತದ ಜೊತೆ ಬೆರೆಸಿ ನುಡಿಸುವುದಕ್ಕೆ, ಒಂದು ಜಾಗ ಖಾಯಂ ಆಗಿದೆ. ಮುಂದೆ ಪಿಟೀಲು ಅಥವಾ ಕೊಳಲು, ಹಿಂದೆ ಕೀಬೋರ್ಡು, ರಿದಂ ಪ್ಯಾಡು, ಬೇಸ್ ಗಿಟಾರು. ಹಂಸಧ್ವನಿಯಲ್ಲಿ ವಾತಾಪಿ ಎತ್ತಿಕೊಂಡು, ನಡುವೆ ಹಳೆಯ ಸಿನಿಮಾ ಹಾಡೊಂದಕ್ಕೆ ಹೊರಳಿ, ಕೊನೆಗೆ ಪಿಟೀಲು ಮತ್ತು ಪ್ಯಾಡಿನ ಸವಾಲ್ ಜವಾಬ್‌ನಲ್ಲಿ ಚಪ್ಪಾಳೆ ಗಿಟ್ಟಿಸಿ ಮುಗಿಸುವುದು ವಾಡಿಕೆ. ನುಡಿಸುವವರಲ್ಲಿ ಹೆಚ್ಚಿನವರು ಹವ್ಯಾಸಕ್ಕೆ ವಾದ್ಯ ಹಿಡಿದವರಲ್ಲ. ಜೂನಿಯರ್, ಸೀನಿಯರ್ ಮುಗಿಸಿ ವಿದ್ವತ್‌ವರೆಗೆ ಹೋದವರು, ಹತ್ತಾರು ವರ್ಷ ಗುರುಗಳ ಮನೆಗೆ ಓಡಾಡಿದವರು.

ಇವರ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿವೆ. ಸಂಗೀತ ಕಛೇರಿಗೆ ತಪ್ಪದೆ ಹೋಗುವ ಹಿರಿಯ ರಸಿಕರನ್ನು ಕೇಳಿದರೆ, 'ಒಳ್ಳೇ ಕೈ ಇತ್ತು, ಹಾಳು ಮಾಡ್ಕೊಂಡ' ಎನ್ನುತ್ತಾರೆ. ಪೆಂಡಾಲಿನ ಮುಂದೆ ಮೊಬೈಲ್ ಎತ್ತಿ ಹಿಡಿದವರನ್ನು ಕೇಳಿದರೆ, ಶಾಸ್ತ್ರೀಯ ಸಂಗೀತವನ್ನು ಜನರ ಹತ್ತಿರ ತಂದವರೇ ಇವರು ಎನ್ನುತ್ತಾರೆ. ಇಬ್ಬರ ಮಾತಿನಲ್ಲೂ ಒಂದು ಕೊರತೆಯಿದೆ: ಆ ಸಂಜೆ ಏನು ನುಡಿಸಿದರು, ಹೇಗೆ ನುಡಿಸಿದರು ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ. ಒಬ್ಬರು ಕೇಳುವ ಮೊದಲೇ ತಳ್ಳಿಹಾಕಿದ್ದಾರೆ, ಇನ್ನೊಬ್ಬರು ಕೇಳುವ ಮೊದಲೇ ಒಪ್ಪಿಕೊಂಡಿದ್ದಾರೆ. ಶಾಸ್ತ್ರೀಯ ಸಂಗೀತದಿಂದ ಬಂದು ಬೇರೆ ಸಂಗೀತದ ಜೊತೆ ಸೇರುವ ಕಲಾವಿದರಿಗೆ ಗಂಭೀರ ಗೌರವ ಸಲ್ಲಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಸಲ್ಲಬೇಕು. ಆದರೆ ಕಲೆಯಲ್ಲಿ ಗೌರವ ಎಂದರೆ ಪರೀಕ್ಷೆಗೆ ಒಳಪಡಿಸುವುದು. ಕಛೇರಿ ಮಾಡಿದವರ ತೋಡಿ ರಾಗವನ್ನು ಹೇಗೆ ಎಳೆ ಬಿಡಿಸಿ ನೋಡುತ್ತೇವೋ ಹಾಗೆಯೇ ಇವರದನ್ನೂ ನೋಡಬೇಕು. ಈಗ ಅದು ಆಗುತ್ತಿಲ್ಲ.

ಮೊದಲು ಬೆರಕೆಯ ವಿಷಯ. ಬೆರೆತದ್ದೆಲ್ಲ ಕೆಟ್ಟದ್ದು ಎನ್ನುವುದಾದರೆ ಕರ್ನಾಟಕ ಸಂಗೀತದ ವೇದಿಕೆಯಿಂದ ಪಿಟೀಲನ್ನೇ ಇಳಿಸಬೇಕಾಗುತ್ತದೆ. ಅದನ್ನು ನಮ್ಮ ಸಂಗೀತಕ್ಕೆ ಒಗ್ಗಿಸಿದವರಲ್ಲಿ ಮೊದಲ ಹೆಸರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರದು. ಸ್ವತಃ ಮುತ್ತುಸ್ವಾಮಿ ದೀಕ್ಷಿತರೇ ಬ್ರಿಟಿಷ್ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರಗಳನ್ನು ರಚಿಸಿದರು. ಬ್ರಿಟಿಷರ ರಾಜಗೀತೆಯ ಮಟ್ಟಿನಲ್ಲೇ ಅವರ 'ಸಂತತಂ ಪಾಹಿಮಾಂ' ಇದೆ. ಮೈಸೂರಿನ ಜಯಚಾಮರಾಜ ಒಡೆಯರು ಶ್ರೀವಿದ್ಯಾ ಅಂಕಿತದಲ್ಲಿ ಕೃತಿ ರಚಿಸಿದವರು, ರಷ್ಯಾದ ಸಂಗೀತಗಾರ ಮೆಟ್ನರ್ ಅವರ ರಚನೆಗಳು ಧ್ವನಿಮುದ್ರಣವಾಗಲು ಹಣ ಕೊಟ್ಟವರೂ ಅವರೇ. ಅತ್ತ ಉತ್ತರಾದಿಯಲ್ಲಿ, ಅಂದರೆ ಹಿಂದೂಸ್ತಾನಿ ಸಂಗೀತದಲ್ಲಿ, ಅಬ್ದುಲ್ ಕರೀಂ ಖಾನರು ತ್ಯಾಗರಾಜರ ಖರಹರಪ್ರಿಯ ಕೃತಿಯನ್ನು ಹಾಡಿ ಧ್ವನಿಮುದ್ರಿಸಿದರು. ಹಾರ್ಮೋನಿಯಂ ಸ್ವರಗಳನ್ನು ಕೆಡಿಸುತ್ತದೆ ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಇವತ್ತು ಹಾರ್ಮೋನಿಯಂ ಇಲ್ಲದ ಖಯಾಲ್ ಗಾಯನ ಕಾಣಸಿಗುವುದೇ ಅಪರೂಪ. ನಾವು ಪರಂಪರಾಗತ ಎಂದು ನಂಬಿರುವ ಕಛೇರಿಯ ಕ್ರಮವೂ, ವರ್ಣದಿಂದ ಶುರುವಾಗಿ ಕೊನೆಗೆ ದೇವರನಾಮ, ಜಾವಳಿ, ತಿಲ್ಲಾನಕ್ಕೆ ಬಂದು ನಿಲ್ಲುವ ಕ್ರಮ, ಕಳೆದ ಶತಮಾನದಲ್ಲಿ ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಅವರ ಕೈಯಲ್ಲಿ ಗಟ್ಟಿಯಾದದ್ದು.

ಇಷ್ಟು ಹೇಳಿ ನಿಲ್ಲಿಸುವವರು ಬಹಳ ಜನ. ಫ್ಯೂಷನ್ ಪರವಾದ ಬರಹಗಳೆಲ್ಲ ಪಿಟೀಲಿನ ಉದಾಹರಣೆ ಕೊಟ್ಟು ಗೆದ್ದೆವು ಎಂದುಕೊಳ್ಳುತ್ತವೆ. ಆ ಪಿಟೀಲಿಗೆ ಇಲ್ಲಿ ಏನಾಯಿತು ಎಂದು ಅವು ನೋಡುವುದಿಲ್ಲ. ಪಶ್ಚಿಮದಲ್ಲಿ ನಿಂತು ಗದ್ದಕ್ಕೆ ಒತ್ತಿ ಹಿಡಿಯುವ ವಾದ್ಯ ಇಲ್ಲಿ ನೆಲಕ್ಕೆ ಇಳಿಯಿತು. ಅದರ ತುದಿ ಕಾಲಿನ ಮೇಲೆ ಕೂತಿತು, ಎಡಗೈ ತಂತಿಯ ಉದ್ದಕ್ಕೂ ಜಾರಲು ಬಿಡುವಾಯಿತು. ನಾಲ್ಕು ತಂತಿಗಳ ಶ್ರುತಿ ಷಡ್ಜ ಪಂಚಮಗಳಿಗೆ ಬದಲಾಯಿತು. ಮೈಸೂರು ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು. ಅಂದರೆ ಸಂಗೀತಕ್ಕಾಗಿ ವಾದ್ಯ ಬಾಗಿತು, ವಾದ್ಯಕ್ಕಾಗಿ ಸಂಗೀತ ಕತ್ತರಿಸಿಕೊಳ್ಳಲಿಲ್ಲ.

ಗಡಿ ದಾಟುವ ಯಾವ ಕಲಾವಿದರನ್ನು ಅಳೆಯುವಾಗಲೂ ನಾನು ಹಿಡಿಯುವ ಅಳತೆ ಇದು. ಬಾಗಿದ್ದು ಯಾರು? ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಕೈಗೆತ್ತಿಕೊಂಡಾಗ ಜೋಡಿ ತಂತಿಗಳನ್ನು ತೆಗೆದು ಐದು ಒಂಟಿ ತಂತಿ ಹಾಕಿಕೊಂಡರು, ಏಕೆಂದರೆ ಜೋಡಿ ತಂತಿಯನ್ನು ಎಳೆದು ಗಮಕ, ಅಂದರೆ ಸ್ವರದ ತೂಗಾಟ ಮತ್ತು ಜಾರಿಕೆ, ಹೊಮ್ಮಿಸುವುದು ಕಷ್ಟ. ನಮ್ಮ ಘಟ್ಟದ ಕೆಳಗಿನ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಗುಂಡಿ ಒತ್ತಿದರೆ ಬಿಡಿಬಿಡಿ ಸ್ವರ ಬರುವ ಆ ವಾದ್ಯದಲ್ಲಿ ತುಟಿ ಮತ್ತು ಉಸಿರಿನ ಹಿಡಿತದಿಂದ ಜಾರು, ಕಂಪಿತದಂಥ ಗಮಕಗಳನ್ನು ತರಲು ವರ್ಷಗಟ್ಟಲೆ ಬೆವರಿಳಿಸಿದರು. 1994ರಲ್ಲಿ ಅವರು ತಮಿಳು ಸಿನಿಮಾ 'ಡ್ಯುಯೆಟ್'ಗೂ ನುಡಿಸಿದರು, ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲೂ ನುಡಿಸಿದರು. ಎರಡು ಕಡೆಯೂ ಆ ಉಸಿರು ಅದೇ.

ಇನ್ನೊಂದು ದಿಕ್ಕಿನಿಂದ ಬಂದವರೂ ಇದ್ದಾರೆ. 1970ರ ದಶಕದಲ್ಲಿ 'ಶಕ್ತಿ' ತಂಡ ಕಟ್ಟಿದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಆ ಹೊತ್ತಿಗಾಗಲೇ ಜಾಜ್ ಲೋಕದಲ್ಲಿ ದೊಡ್ಡ ಹೆಸರು. ಪಿಟೀಲಿನ ಎಲ್. ಶಂಕರ್, ತಬಲದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಜೊತೆ ಕೂರುವ ಮೊದಲು ಅವರು ವೀಣೆಯ ಪಾಠ ಹೇಳಿಸಿಕೊಂಡರು. ಗಿಟಾರಿನ ಮೆಟ್ಟಿಲುಗಳ ನಡುವಿನ ಮರವನ್ನು ಕೆತ್ತಿಸಿ, ತಂತಿಯನ್ನು ವೀಣೆಯ ತಂತಿಯ ಹಾಗೆ ಎಳೆಯಲು ಅನುವು ಮಾಡಿಕೊಂಡರು. ಅನುರಣನಕ್ಕೆ ಬೇರೆ ತಂತಿಗಳನ್ನೂ ಕಟ್ಟಿಸಿದರು. ತಂಡ 2024ರಲ್ಲಿ ಗ್ರ್ಯಾಮಿ ಪಡೆದದ್ದು ಸುದ್ದಿಯಾಯಿತು. ನನ್ನ ಲೆಕ್ಕದಲ್ಲಿ ಆ ಪ್ರಶಸ್ತಿಗಿಂತ ಕೆತ್ತಿಸಿಕೊಂಡ ಗಿಟಾರು ದೊಡ್ಡ ಸಾಕ್ಷಿ. ತನ್ನ ಕೈಗೆ ರೂಢಿಯಾದ ವಾದ್ಯವನ್ನು ಬದಲಿಸಿಕೊಳ್ಳಲು ಒಪ್ಪಿದವನು ಎದುರಿಗಿದ್ದ ಸಂಗೀತವನ್ನು ನಿಜವಾಗಿ ಕೇಳಿಸಿಕೊಂಡಿದ್ದಾನೆ.

ಈಗ ನಮ್ಮ ಪೆಂಡಾಲಿಗೆ ಬರೋಣ. ಅಲ್ಲಿ ಹೆಚ್ಚು ಕೇಳುವ ರಾಗಗಳು ಹಂಸಧ್ವನಿ, ಮೋಹನ, ಕೀರವಾಣಿ, ಚಾರುಕೇಶಿ. ತೋಡಿ, ಶಹನ, ಬೇಗಡೆ, ವರಾಳಿ ಕಿವಿಗೆ ಬೀಳುವುದಿಲ್ಲ. ಕಾರಣ ಜನರ ರುಚಿ ಎಂದು ಹೇಳುವುದುಂಟು, ನನಗೆ ಅದು ಒಪ್ಪಿಗೆಯಿಲ್ಲ. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ. ರಿಷಭ ಮತ್ತು ಮಧ್ಯಮಗಳ ನಡುವೆ ತೂಗುತ್ತಲೇ ಅದು ತನ್ನ ರೂಪ ತೋರಿಸುತ್ತದೆ. ಅದರ ಕೆಳಗೆ ಕೀಬೋರ್ಡಿನವರು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗುಚ್ಛ) ಹಿಡಿದು ಕೂತರೆ ತೂಗುವ ಸ್ವರಕ್ಕೆ ಮೊಳೆ ಹೊಡೆದಂತಾಗುತ್ತದೆ. ಹಂಸಧ್ವನಿಯಂಥ ರಾಗಕ್ಕೆ ಆ ತೊಂದರೆ ಅಷ್ಟಿಲ್ಲ. ಸ್ವರಗಳನ್ನು ನೇರವಾಗಿ ಹಿಡಿದರೂ ರಾಗದ ಗುರುತು ಸಿಗುತ್ತದೆ, ಪಾಶ್ಚಾತ್ಯ ಹಾರ್ಮನಿಯೂ ಕೂತುಕೊಳ್ಳುತ್ತದೆ. ಹೀಗಾಗಿ ತಂಡಗಳು ಸುಲಭಕ್ಕೆ ಒಗ್ಗುವ ನಾಲ್ಕೈದು ರಾಗಗಳ ಸುತ್ತಲೇ ತಿರುಗುತ್ತವೆ. ಕೀಬೋರ್ಡನ್ನೇ ದೂರುವಂತೆಯೂ ಇಲ್ಲ. ಸ್ವರವನ್ನು ಜಾರಿಸುವ ಪಿಚ್ ಬೆಂಡ್ ಬಳಸಿ ಅದರಲ್ಲೂ ಗಮಕ ತರುವ ವಾದಕರಿದ್ದಾರೆ, ಪೂರ್ತಿ ಕಛೇರಿಯನ್ನೇ ಮಾಡುತ್ತಾರೆ. ಸೋತಿರುವುದು ತಂಡದೊಳಗಿನ ಮಾತುಕತೆ. ಪಿಟೀಲಿನವರು ಕೀಬೋರ್ಡಿನವರಿಗೆ 'ಇಲ್ಲಿ ಕಾರ್ಡ್ ಬೇಡ, ಬರೀ ಷಡ್ಜ ಇರಲಿ' ಎಂದು ಹೇಳಿದ್ದಾರೆಯೇ? ಪ್ಯಾಡಿನವರು ಮೃದಂಗದವರ ಹತ್ತಿರ ತಾಳ ಮುಗಿಸುವ ಒಂದು ಮುಕ್ತಾಯವನ್ನಾದರೂ ಕಲಿತಿದ್ದಾರೆಯೇ? ಕೇಳುಗರಿಗೆ ಇದು ತಕ್ಷಣ ಗೊತ್ತಾಗುತ್ತದೆ, ಕೇಳುವ ಮನಸ್ಸಿದ್ದರೆ.

ಒಂದು ವಿಷಯದಲ್ಲಿ ನಾನು ಕಟುವಾಗಿಯೇ ಇರುತ್ತೇನೆ. ಮೊದಲೇ ತಯಾರಿಸಿದ ಟ್ರ್ಯಾಕ್ ಹಾಕಿ ಅದರ ಮೇಲೆ ನುಡಿಸುವುದನ್ನು ಸಂಗೀತ ಕಾರ್ಯಕ್ರಮ ಎಂದು ಒಪ್ಪಿಕೊಳ್ಳಲು ನನ್ನಿಂದಾಗದು. ರಾಗ ಇನ್ನೊಂದು ಆವರ್ತ ಬೇಡುತ್ತಿದ್ದರೂ ಟ್ರ್ಯಾಕ್ ಕಾಯುವುದಿಲ್ಲ. ಮನೋಧರ್ಮಕ್ಕೆ, ಅಂದರೆ ಆ ಕ್ಷಣದ ಕಲ್ಪನೆಗೆ, ಜಾಗವೇ ಇಲ್ಲದ ಕಡೆ ಹತ್ತು ವರ್ಷದ ಕಲಿಕೆ ವೇಷಭೂಷಣವಾಗಿ ಉಳಿಯುತ್ತದೆ. ಮೊಬೈಲಿನ ಒಂದು ನಿಮಿಷದ ವಿಡಿಯೋಗಳು ಈ ಚಟವನ್ನು ಹೆಚ್ಚಿಸಿವೆ.

ಇಂಥ ನಿಷ್ಠುರ ಕೇಳುವಿಕೆ ಮಲೆನಾಡಿಗೆ ಹೊಸದೇನಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಯಕ್ಷಗಾನದ ಆಟ ನೋಡಿ ಬಂದವರ ಮಾತನ್ನು ಬೆಳಗ್ಗೆ ಹೋಟೆಲಿನಲ್ಲಿ ಕೂತು ಕೇಳಬೇಕು. 'ಭಾಗವತ್ರ ಕಂಠ ಚೆಂದ ಮಾರಾಯ, ಆದ್ರೆ ಎಳ್ದೂ ಎಳ್ದೂ ವೇಷದವರಿಗೆ ಜಾಗನೇ ಬಿಡ್ಲಿಲ್ಲ.' ಇದಕ್ಕಿಂತ ಚುರುಕಾದ ಸಂಗೀತ ವಿಮರ್ಶೆ ಯಾವ ಸಭಾಂಗಣದಲ್ಲಿ ಸಿಗುತ್ತದೆ? ಬಡಗುತಿಟ್ಟಿನ ಭಾಗವತಿಕೆಗೆ ಕರ್ನಾಟಕ, ಹಿಂದೂಸ್ತಾನಿ ರಾಗಗಳು ಧಾರಾಳವಾಗಿ ಬಂದು ಸೇರಿದ ಕಥೆಯಲ್ಲಿ, 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಕಾಳಿಂಗ ನಾವಡರ ಹೆಸರು ಮುಂದೆ ಬರುತ್ತದೆ. ಅವರ ಪದ್ಯಕ್ಕೆ ಮರುಳಾದವರು ಲೆಕ್ಕವಿಲ್ಲದಷ್ಟು. ಅವರ ನಂತರ ಬಂದವರಲ್ಲಿ ರಾಗವಿಸ್ತಾರದ ಆಸೆ ಹೆಚ್ಚಾಗಿ ಯಕ್ಷಗಾನದ ಮಟ್ಟುಗಳು ಮರೆಯಾದವು ಎಂದು ಕೊರಗುವವರೂ ಅಷ್ಟೇ ಇದ್ದಾರೆ. ಈ ವಾದ ದಶಕಗಳಿಂದ ನಡೆದೇ ಇದೆ, ಅದರಿಂದ ಯಕ್ಷಗಾನಕ್ಕೆ ನಷ್ಟವಾಗಿಲ್ಲ.

ಗಮನಿಸಬೇಕಾದ್ದು ಆ ವಾದದ ಆಧಾರ. ಭಾಗವತರು ಬೇರೆ ಸಂಗೀತದಿಂದ ರಾಗ ತಂದರು ಎಂಬ ಒಂದೇ ಕಾರಣಕ್ಕೆ ಪ್ರೇಕ್ಷಕ ಬಯ್ಯುವುದಿಲ್ಲ. ಆ ರಾಗ ಪ್ರಸಂಗದ ಆ ಸಂದರ್ಭಕ್ಕೆ ಕೂತಿತೋ, ಪದ್ಯದ ಸಾಹಿತ್ಯ ಕೇಳಿಸಿತೋ, ಚೆಂಡೆ ಮದ್ದಳೆಗೂ ಕುಣಿತಕ್ಕೂ ಅವಕಾಶ ಉಳಿಯಿತೋ, ಪದ್ಯ ಮುಗಿದ ಮೇಲೆ ಅರ್ಥ ಹೇಳುವವನಿಗೆ ಮಾತು ಎತ್ತಿಕೊಳ್ಳಲು ಎಡೆ ಸಿಕ್ಕಿತೋ ಎಂದು ನೋಡುತ್ತಾನೆ. ತಂದದ್ದು ಇಲ್ಲಿ ಕೆಲಸಕ್ಕೆ ಬಂತೋ ಇಲ್ಲವೋ ಎಂಬುದೇ ಪ್ರಶ್ನೆ. ಸಂಗೀತ ಶಾಸ್ತ್ರದ ಪುಸ್ತಕ ಓದದವರೂ ಇದನ್ನು ಖಚಿತವಾಗಿ ಹೇಳುತ್ತಾರೆ.

ತುಂಗೆಯ ದಂಡೆಯ ಹೊಸಹಳ್ಳಿಯ ಗಮಕ ಕಲೆಯಲ್ಲೂ, ಅಂದರೆ ಕಾವ್ಯವನ್ನು ರಾಗದಲ್ಲಿ ಓದುವ ಕಲೆಯಲ್ಲೂ, ಇದೇ ಎಚ್ಚರ. 2022ರಲ್ಲಿ ಪದ್ಮಶ್ರೀ ಪಡೆದ ಎಚ್.ಆರ್. ಕೇಶವಮೂರ್ತಿಯವರ ವಾಚನ ಕೇಳಿದವರಿಗೆ ಅದು ಗೊತ್ತು. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ರಾಗದಲ್ಲಿ ಓದುವಾಗ ತಾಳದ ಕಟ್ಟಿಲ್ಲ. ಪದ ಎಲ್ಲಿ ಬಿಡಿಸಬೇಕು, ಉಸಿರು ಎಲ್ಲಿ ತೆಗೆಯಬೇಕು ಎಂಬುದನ್ನು ಅರ್ಥ ನಿರ್ಧರಿಸುತ್ತದೆ. ರಾಗಜ್ಞಾನ ಇಲ್ಲದೆ ಗಮಕಿಯಾಗುವುದು ಸಾಧ್ಯವಿಲ್ಲ. ಆದರೆ ರಾಗ ತೋರಿಸಲು ಹೊರಟ ಗಮಕಿಯನ್ನು ಕೇಳುಗರು ಕ್ಷಮಿಸುವುದಿಲ್ಲ. ವಾಚನಕಾರರ ಪಕ್ಕದಲ್ಲೇ ವ್ಯಾಖ್ಯಾನಕಾರರು ಕೂತಿರುತ್ತಾರೆ, ಕಾವ್ಯ ಕೈತಪ್ಪಿದರೆ ಅಲ್ಲಿಯೇ ಬಯಲಾಗುತ್ತದೆ. ಶಾಸ್ತ್ರೀಯ ಸಂಗೀತದ ಸಂಪತ್ತನ್ನು ಇನ್ನೊಂದು ಕಲೆಯ ಸೇವೆಗೆ ಒಪ್ಪಿಸುವುದು ಎಂದರೆ ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಹೊಸಹಳ್ಳಿಯನ್ನು ತೋರಿಸುತ್ತೇನೆ. ಅದನ್ನು ಯಾರೂ ಕಛೇರಿಗಿಂತ ಕೀಳು ಎನ್ನುವುದಿಲ್ಲ, ಏಕೆಂದರೆ ಅದಕ್ಕೆ ಅದರದೇ ಕಟ್ಟುನಿಟ್ಟು ಇದೆ ಎಂಬುದು ಎಲ್ಲರಿಗೂ ತಿಳಿದಿದೆ. ಬನಾರಸ್‌ನಲ್ಲಿ ಓಂಕಾರನಾಥ ಠಾಕೂರರ ಬಳಿ ಕಲಿತ ಬಿ.ವಿ. ಕಾರಂತರ ರಂಗಸಂಗೀತವನ್ನೂ ಹೆಗ್ಗೋಡಿನ ಪ್ರೇಕ್ಷಕರು ಹೀಗೇ ಕೇಳಿದರು. ದೃಶ್ಯಕ್ಕೆ ಅದು ಏನು ಮಾಡಿತು ಎಂದು ನೋಡಿದರು, ಠಾಕೂರರ ಗಾಯನಕ್ಕೆ ಹೋಲಿಸಿ ಅಂಕ ಕೊಡಲಿಲ್ಲ.

ಸುಗಮ ಸಂಗೀತಕ್ಕೆ ಮಾತ್ರ ಈ ಭಾಗ್ಯ ಸಿಗಲಿಲ್ಲ, ಅದೂ ಶಿವಮೊಗ್ಗದಂಥ ಊರಿನಲ್ಲಿ. ಚಂದ್ರಶೇಖರ ಕಂಬಾರರ 'ಕಾಡು ಕುದುರೆ' ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಅದನ್ನು ಪಡೆದ ಮೊದಲ ಕನ್ನಡಿಗ ಅವರು. 2022ರಲ್ಲಿ ಅವರು ತೀರಿಕೊಂಡಾಗ ಬಂದ ಬರಹಗಳಲ್ಲಿ ಪ್ರೀತಿ ತುಂಬಿತ್ತು, ಕಂಚಿನ ಕಂಠ ಎಂಬ ಮಾತು ಮತ್ತೆ ಮತ್ತೆ ಬಂತು. ಆದರೆ ಆ ಕಂಠ ಏನು ಮಾಡುತ್ತಿತ್ತು? ಬಾಯ್ತುಂಬ ತೆರೆದ ದನಿಯಲ್ಲೂ ಅಕ್ಷರ ಹೇಗೆ ಒಡೆಯದೆ ನಿಲ್ಲುತ್ತಿತ್ತು? ಕುದುರೆಯ ಓಟದ ಲಯವನ್ನು ಅವರು ಉಸಿರಿನಲ್ಲಿ ಹೇಗೆ ಹಿಡಿದರು? ಇಂಥ ಬರಹ ಹುಡುಕಿದರೆ ಸಿಗುವುದು ಕಡಿಮೆ. ಸನ್ಮಾನಕ್ಕೆ ಕೊರತೆ ಮಾಡದ ನಾವು ಅವರನ್ನು ಸಂಗೀತಗಾರರಾಗಿ ಓದುವ ಕೆಲಸವನ್ನು ಬಾಕಿ ಉಳಿಸಿಕೊಂಡಿದ್ದೇವೆ.

ನಮ್ಮ ಗೌರವ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ ಎಂಬುದೂ ಇದರಲ್ಲಿ ಕಾಣುತ್ತದೆ. ಬಾಲಮುರಳೀಕೃಷ್ಣ 'ಹಂಸಗೀತೆ'ಗೆ ಹಾಡಿ ರಾಷ್ಟ್ರಪ್ರಶಸ್ತಿ ಪಡೆದಾಗ ಅವರ ವಿದ್ವತ್ತು ಕರಗಿತು ಎಂದು ಯಾರೂ ಹೇಳಲಿಲ್ಲ. ಭೀಮಸೇನ ಜೋಶಿಯವರ 'ಭಾಗ್ಯದ ಲಕ್ಷ್ಮೀ ಬಾರಮ್ಮ' 1983ರಲ್ಲಿ ಶಂಕರ್‌ನಾಗ್ ಅವರ ಹಾಸ್ಯ ಚಿತ್ರದಲ್ಲಿ ಕೇಳಿಬಂದಾಗ ಸಿನಿಮಾಕ್ಕೇ ಘನತೆ ಬಂತು ಎಂದುಕೊಂಡೆವು. ಕಛೇರಿಯ ವೇದಿಕೆಯಿಂದ ಇಳಿದು ಬಂದವರಿಗೆ ಎರಡೂ ಕಡೆ ಮರ್ಯಾದೆ. ಸುಗಮ ಸಂಗೀತದಲ್ಲೇ, ಫ್ಯೂಷನ್‌ನಲ್ಲೇ ಮೊದಲ ಹೆಸರು ಮಾಡಿದವರು ಎಷ್ಟೇ ಚೆನ್ನಾಗಿ ಹಾಡಲಿ, ಅನುಮಾನ ಹೋಗುವುದಿಲ್ಲ. ಇದು ಸಂಗೀತ ಕೇಳಿ ಬಂದ ತೀರ್ಮಾನವಲ್ಲ, ವಂಶಾವಳಿ ನೋಡಿ ಬಂದದ್ದು.

ವಿಮರ್ಶೆಯ ಬಡತನ ಎಷ್ಟೆಂದು ನಾಡಗೀತೆಯ ಪ್ರಸಂಗ ತೋರಿಸಿತು. ಕುಪ್ಪಳಿಯ ಕವಿಯ ಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನು 2 ನಿಮಿಷ 30 ಸೆಕೆಂಡಿನ ಅವಧಿಗೆ ನಿಗದಿ ಮಾಡಿ ಸರ್ಕಾರ 2022ರಲ್ಲಿ ಆದೇಶಿಸಿತು. ಸಿ. ಅಶ್ವತ್ಥ್ ಅವರ ಧಾಟಿಯೇ ಇರಬೇಕಿತ್ತು ಎಂಬ ವಾದ ಹೈಕೋರ್ಟಿನವರೆಗೂ ಹೋಯಿತು. ಇಬ್ಬರೂ ಸುಗಮ ಸಂಗೀತದ ದೊಡ್ಡವರು. ಒಂದು ರಾಜ್ಯ ಎದ್ದು ನಿಂತು ಹಾಡುವ ಗೀತೆಯ ಮಟ್ಟು ಹಾಕಿದ್ದು ಕಛೇರಿಯ ವಿದ್ವಾಂಸರಲ್ಲ, ಇವರು. ಇಷ್ಟು ದೊಡ್ಡ ವಿಷಯದಲ್ಲಿ ಸಾರ್ವಜನಿಕ ಮಾತೆಲ್ಲ ಅವಧಿ, ಆದೇಶ, ಹಿರಿತನಗಳ ಸುತ್ತ ಸುತ್ತಿತು. ಯಾವ ಧಾಟಿ ಕುವೆಂಪು ಅವರ ಸಾಲನ್ನು ಎಲ್ಲಿ ತುಂಡರಿಸುತ್ತದೆ, ಯಾವುದು ಶಾಲಾ ಮಕ್ಕಳ ಕಂಠಕ್ಕೆ ಎಟುಕುತ್ತದೆ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿದ ಬರಹಗಳಿಗಾಗಿ ನಾನು ಕಾದೆ.

ಪಶ್ಚಿಮದಲ್ಲಿ ಈ ಜಗಳ ಇನ್ನೂ ದೊಡ್ಡದು. 1990ರ ಜುಲೈ 7ರಂದು, ವಿಶ್ವಕಪ್ ಫುಟ್‌ಬಾಲ್ ಫೈನಲ್‌ನ ಹಿಂದಿನ ದಿನ, ರೋಮಿನ ಪ್ರಾಚೀನ ಸ್ನಾನಗೃಹಗಳ ಅವಶೇಷಗಳ ನಡುವೆ ಒಪೆರಾ ಗಾಯಕರಾದ ಪವರಾಟಿ, ಡೊಮಿಂಗೊ, ಕರೇರಾಸ್ ಒಟ್ಟಿಗೆ ಹಾಡಿದರು. ಆ ಧ್ವನಿಮುದ್ರಣ ಶಾಸ್ತ್ರೀಯ ಸಂಗೀತದಲ್ಲಿ ಹಿಂದೆಂದೂ ಕಾಣದ ಮಾರಾಟ ಕಂಡಿತು. ಆದರೆ ಪವರಾಟಿಯವರ ಕೀರ್ತಿ ಅಲ್ಲಿ ಹುಟ್ಟಿದ್ದಲ್ಲ. 1961ರಿಂದ ಒಪೆರಾ ರಂಗಮಂದಿರಗಳಲ್ಲಿ ಮೈಕಿಲ್ಲದೆ, ಇಡೀ ವಾದ್ಯವೃಂದವನ್ನು ದಾಟಿ ಕೊನೆಯ ಸಾಲಿಗೆ ದನಿ ಮುಟ್ಟಿಸಿ ಗಳಿಸಿದ್ದು ಅದು. ಇಟಲಿಯ ಗಾಯಕ ಆಂಡ್ರಿಯಾ ಬೊಚೆಲ್ಲಿಯವರ ದಾರಿ ತಿರುಗುಮುರುಗು. ಮೈಕಿನ ಮುಂದೆ ಹಾಡಿದ ಹಾಡುಗಳಿಂದ ಲೋಕಪ್ರಸಿದ್ಧರಾದ ಮೇಲೆ 1999ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ 'ವೆರ್ಟೆರ್' ಒಪೆರಾದ ಮುಖ್ಯ ಪಾತ್ರ ಹಾಡಿದರು. ಒಪೆರಾ ವಿಮರ್ಶಕರು ಅವರ ದನಿ ಆ ರಂಗಮಂದಿರಕ್ಕೆ ಸಾಲದು ಎಂದು ನಿರ್ದಾಕ್ಷಿಣ್ಯವಾಗಿ ಬರೆದಿದ್ದಾರೆ. ಅಭಿಮಾನಿಗಳಿಗೆ ಅದು ಅವಮಾನ. ನನಗೆ ಅದು ಅವರಿಗೆ ಸಂದ ಗೌರವವಾಗಿಯೇ ಕಾಣುತ್ತದೆ: ಒಪೆರಾ ಹಾಡಿದಾಗ ಒಪೆರಾದ ಅಳತೆಯಲ್ಲೇ ಅವರನ್ನು ಅಳೆದರು. ಅವರು ಜನಪ್ರಿಯ ಹಾಡು ಹಾಡುವಾಗ ಅದೇ ಅಳತೆ ಹಿಡಿದು ಹೀಯಾಳಿಸಿದರೆ ಅದು ಅನ್ಯಾಯ, ಏಕೆಂದರೆ ಅಲ್ಲಿ ಮೈಕು ವಾದ್ಯದ ಒಂದು ಭಾಗವೇ ಆಗಿದೆ.

ನಮ್ಮ ಹುಡುಗ ಹುಡುಗಿಯರು ಈ ದಾರಿ ಹಿಡಿಯುವುದು ಹಣಕ್ಕೆ ಎಂಬ ಆರೋಪವೂ ಇದೆ. ಹೌದು, ಹಣಕ್ಕೂ ಹೌದು. ಮಲೆನಾಡಿನ ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ ಎಷ್ಟು ಕಛೇರಿ ನಡೆಯುತ್ತವೆ, ಪಕ್ಕವಾದ್ಯದವರಿಗೆ ಏನು ಸಿಗುತ್ತದೆ ಎಂದು ತಿಳಿದವರು ಈ ಆರೋಪ ಮಾಡಲಾರರು. ಹಣ ಪಡೆದದ್ದು ಸಂಗೀತವನ್ನು ಕೆಡಿಸುವುದಿಲ್ಲ, ಅಭ್ಯಾಸ ಬಿಟ್ಟದ್ದು ಕೆಡಿಸುತ್ತದೆ. ಶನಿವಾರ ಆರತಕ್ಷತೆಯಲ್ಲಿ ನುಡಿಸಿದವಳು ಸೋಮವಾರ ಬೆಳಗ್ಗೆ ವರ್ಣವನ್ನು ಮೂರು ಕಾಲದಲ್ಲಿ ಸಾಧನೆ ಮಾಡುತ್ತಿದ್ದರೆ ನನಗೆ ಅವಳ ಬಗ್ಗೆ ಯಾವ ಚಿಂತೆಯೂ ಇಲ್ಲ.

ಹಾಗಾದರೆ ಊರಿನವರು ಮಾಡಬಹುದಾದ್ದು ಏನು? ಸಂಗೀತ ಸಭೆಗಳು ಇವರನ್ನು ಬಾಗಿಲ ಹೊರಗೆ ನಿಲ್ಲಿಸುವುದು ಬಿಟ್ಟು ಒಂದು ಸಂಜೆ ಪೂರ್ತಿ ಕೊಡಬಹುದು. ಮೊದಲರ್ಧದಲ್ಲಿ ಮೃದಂಗ, ತಂಬೂರಿಯ ಜೊತೆ ಒಂದು ರಾಗ, ವಿಸ್ತಾರವಾಗಿ. ಉಳಿದರ್ಧದಲ್ಲಿ ತಂಡದ ಜೊತೆ ಅದೇ ರಾಗ. ನಡುವೆ ಕೇಳುಗರ ಪ್ರಶ್ನೆಗಳಿಗೆ ಕಲಾವಿದರ ಉತ್ತರ. ಯಾವುದು ಉಳಿಯಿತು, ಯಾವುದು ಕಳೆಯಿತು, ಹೊಸದಾಗಿ ಏನಾದರೂ ಹುಟ್ಟಿತೇ ಎಂದು ಅಲ್ಲೇ ತಿಳಿಯುತ್ತದೆ. ಪತ್ರಿಕೆಗಳ ಸ್ಥಳೀಯ ಪುಟದಲ್ಲಿ 'ಪ್ರೇಕ್ಷಕರನ್ನು ಮಂತ್ರಮುಗ್ಧಗೊಳಿಸಿದರು' ಎಂಬ ಸಾಲನ್ನು ಇನ್ನು ಅಚ್ಚು ಹಾಕುವುದು ಬೇಡ. ಪಿಟೀಲು ನುಡಿಸಿದ ಹುಡುಗಿ ಕೀರವಾಣಿಯಲ್ಲಿ ಎಲ್ಲಿ ಮೆರೆದಳು, ಕಾರ್ಡಿನ ಆಸರೆಗೆ ಎಲ್ಲಿ ಒರಗಿದಳು ಎಂದು ಬರೆಯಲಿ. ರಿದಂ ಪ್ಯಾಡ್ ನುಡಿಸಿದ ಹುಡುಗನ ಹೆಸರನ್ನೂ ಹಾಕಲಿ, ಅವನು ಆದಿತಾಳದ ಎಡುಪು (ಹಾಡು ಎತ್ತಿಕೊಳ್ಳುವ ಜಾಗ) ತಪ್ಪಿದ್ದರೆ ಅದನ್ನೂ ಬರೆಯಲಿ.